ಅಡುಗೆಮನೆಯ ಹೀಟ್ ಮೀಟರ್

ನಮ್ಮ ಅಡುಗೆಮನೆಗೂ ಮುಂದಿನ ಅಂಗಡಿಗೂ ನಡುವೆ ಇದ್ದ ಗೋಡೆಯಲ್ಲಿ ಹೆಬ್ಬೆರಳು ತೂರುವಷ್ಟು ದೊಡ್ಡ ತೂತೊಂದಿತ್ತು. ಅಪ್ಪ ಒಂದು ಮಧ್ಯಾಹ್ನ ಉಳಿ ಹಿಡಿದು ಕೂತು ಕೊರೆದದ್ದು. ಅದರೊಳಗಿಂದ ಒಂದು ಕೆಂಪು, ಒಂದು ಕಪ್ಪು, ಎರಡು ವೈರುಗಳು ಒಲೆಯ ಪಕ್ಕಕ್ಕೆ ಬಂದು ಇಳಿಯುತ್ತಿದ್ದವು. ಹುಟ್ಟಿ ಬೆಳೆದ ಮನೆಯ ಬಗ್ಗೆ ಬರೆಯುವವರು ತೊಟ್ಟಿ, ಕಂಬ, ತೂಗುಮಂಚ ಎಂದು ಶುರು ಮಾಡುವುದನ್ನು ನೋಡಿದ್ದೇನೆ. ನಮ್ಮಲ್ಲಿ ಅವು ಯಾವುವೂ ಇರಲಿಲ್ಲ, ಇರಲಿಲ್ಲವಲ್ಲ ಎಂಬ ಕೊರಗೂ ನನಗಿಲ್ಲ. ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸುಗಳು ತಿರುಗುವ ಕೂಡುರಸ್ತೆಯ ಪಕ್ಕ, ಶೀಟು ಹೊದಿಸಿದ ಮೂರು ಅಂಕಣ: ರಸ್ತೆಗೆ ಅಂಗಡಿ, ಅದರ ಹಿಂದೆ ಅಡುಗೆಮನೆ, ಅದರ ಪಕ್ಕದಲ್ಲಿ ಎಲ್ಲರೂ ಮಲಗುವ ಕೋಣೆ. ಇಷ್ಟೇ ನನ್ನ ಅರಮನೆ. ಈಗಲೂ ಯಾರಾದರೂ ನನ್ನ ಬೆಂಚಿನ ಮುಂದೆ ನಿಂತು, ಈ ಮೀಟರ್ ಕೆಲಸ ಎಲ್ಲಿ ಕಲಿತಿರಿ ಮೇಡಂ, ಐಟಿಐಯಲ್ಲಾ ಎಂದು ಕೇಳಿದರೆ ಅಡುಗೆಮನೆಯಲ್ಲಿ ಎನ್ನುತ್ತೇನೆ. ನಗುತ್ತಾರೆ. ನಗಲಿ. ಅವರು ನಗುತ್ತಿರುವಷ್ಟು ಹೊತ್ತಿನಲ್ಲಿ ಅವರ ಗಾಡಿಯ ಕೆಲಸ ಮುಗಿದಿರುತ್ತದೆ.

ಅಪ್ಪನಿಗೆ ರಾವಂದೂರಿನ ಹತ್ತಿರ ಜಮೀನಿನಲ್ಲಿ ಪಾಲಿತ್ತು. ಅದನ್ನು ಅಣ್ಣನಿಗೆ ಬಿಟ್ಟು, ಹುಣಸೂರಿನ ಒಂದು ಗ್ಯಾರೇಜಿನಲ್ಲಿ ವೈರಿಂಗ್ ಕಲಿತು, ಇಲ್ಲಿ ಬಂದು ಅಂಗಡಿ ಇಟ್ಟವನು. ಇಂಜಿನ್ ಬಿಚ್ಚುವವರು ಹ್ಯಾಂಡ್‌ಪೋಸ್ಟಿನಲ್ಲಿ ನಾಲ್ಕು ಜನರಿದ್ದರು. ಡ್ಯಾಶ್‌ಬೋರ್ಡಿನ ಮೀಟರುಗಳನ್ನು ಮಾತ್ರ ನೋಡುತ್ತಿದ್ದವನು ಅವನೊಬ್ಬನೇ. ಮೀಟರ್ ಮಾದಪ್ಪ ಎಂದರೆ ಅಂತರಸಂತೆಯ ತನಕ ಗೊತ್ತಿತ್ತು. ಅವನು ನನಗೆ ಹೇಳಿಕೊಟ್ಟ ಮೊದಲ ಪಾಠ ಇದು: ಮೀಟರಿಗೆ ತನ್ನಷ್ಟಕ್ಕೆ ಏನೂ ತಿಳಿಯದು. ಇಂಜಿನ್ನಿಗೆ ತಿರುಪಿಟ್ಟಿರುವ ಹಿತ್ತಾಳೆಯ ಪುಟ್ಟ ತುಂಡೊಂದು, ನಾವು ಅದಕ್ಕೆ ಯೂನಿಟ್ಟು ಎನ್ನುತ್ತೇವೆ, ನೀರಿನ ಬಿಸಿಯನ್ನು ತಾನು ತಿಳಿದುಕೊಂಡು ವೈರಿನ ಮೂಲಕ ಮೀಟರಿಗೆ ಹೇಳುತ್ತದೆ. ಮೀಟರಿನ ಮುಳ್ಳು ಕೇಳಿದ್ದನ್ನು ತೋರಿಸುತ್ತದೆ, ಅಷ್ಟೆ. ಮುಳ್ಳು ಏಳಲಿಲ್ಲವೆಂದರೆ ಮೀಟರು ಕೆಟ್ಟಿರಬಹುದು, ಯೂನಿಟ್ಟು ಕೆಟ್ಟಿರಬಹುದು, ನಡುವಿನ ವೈರು ಕಿತ್ತಿರಬಹುದು. ಯಾವುದು ಎಂದು ತಿಳಿಯದೆ ಹೊಸ ಮೀಟರು ಕೊಳ್ಳಿ ಎನ್ನುವವನನ್ನು ಅಪ್ಪ ಮೆಕ್ಯಾನಿಕ್ಕು ಎಂದು ಕರೆಯುತ್ತಿರಲಿಲ್ಲ, ಸೇಲ್ಸ್‌ಮನ್ ಎಂದು ಕರೆಯುತ್ತಿದ್ದ.

ಯಾವುದು ಎಂದು ತಿಳಿಯಲು ಯೂನಿಟ್ಟನ್ನು ನೀರಿನಲ್ಲಿ ಕಾಯಿಸಬೇಕು. ಬೆಂಕಿ ಇದ್ದದ್ದು ಅಡುಗೆಮನೆಯಲ್ಲಿ. ಬ್ಯಾಟರಿ ಇದ್ದದ್ದು ಅಂಗಡಿಯಲ್ಲಿ. ಬ್ಯಾಟರಿಯಿಂದ ಏಳುವ ಗ್ಯಾಸಿಗೆ ಕಿಡಿ ತಾಕಿದರೆ ಸಿಡಿಯುತ್ತದೆ, ಅದು ಒಲೆಯ ಹತ್ತಿರ ಬರಕೂಡದು ಎಂದೇ ಗೋಡೆಗೆ ತೂತು ಬಿದ್ದದ್ದು. ಅವ್ವ ಹಳೆಯ ಮುದ್ದೆ ಕೋಲೊಂದನ್ನು ತಪ್ಪಲೆಯ ಬಾಯಿಗೆ ಅಡ್ಡ ಇಟ್ಟು, ಯೂನಿಟ್ಟಿನ ತುದಿಯಷ್ಟೇ ನೀರಿಗೆ ತಾಕುವಂತೆ ನೇತುಹಾಕುತ್ತಿದ್ದಳು. ಕೆಂಪು ವೈರು ಅದರ ತಲೆಗೆ, ಕಪ್ಪು ವೈರಿನ ಕ್ಲಿಪ್ಪು ಅದರ ಸೊಂಟಕ್ಕೆ. ಆಮೇಲೆ ಒಲೆ ಉರಿಸುವುದು. ಅತ್ತ ಬೆಂಚಿನಲ್ಲಿ ಅಪ್ಪ ಮುಳ್ಳು ನೋಡುತ್ತಾ ಕೂರುತ್ತಿದ್ದ, ಇತ್ತ ಅವ್ವ ನೀರಿನ ಬಿಸಿ ಕೂಗುತ್ತಿದ್ದಳು. ನಮ್ಮಲ್ಲಿ ಥರ್ಮಾಮೀಟರ್ ಇರಲಿಲ್ಲ, ಅವ್ವ ಇದ್ದಳು.

"ಕೂಸಿನ ನೀರು!" ಎಂದರೆ ಹಸುಗೂಸಿಗೆ ಎರೆಯುವಷ್ಟು ಬೆಚ್ಚಗೆ.

"ಬಾಣ್ತಿ ನೀರು!" ಎಂದರೆ ಬೆನ್ನು ಚುರುಗುಟ್ಟುವಷ್ಟು.

"ಎಸರು!" ಎಂದರೆ ಮುದ್ದೆಗೆ ಹಿಟ್ಟು ಹಾಕುವಂತೆ ಮರಳುತ್ತಿದೆ ಎಂದು.

ಕೂಸಿನ ನೀರಿಗೆ ಮುಳ್ಳು ಅಲುಗಬೇಕು, ಬಾಣಂತಿ ನೀರಿಗೆ ಕಾಲು ಭಾಗ ಏರಬೇಕು, ಎಸರಿಗೆ ಕೆಂಪು ಗೆರೆಯ ಹತ್ತಿರ ಹೋಗಬೇಕು. ನನಗೆ ಏಳೆಂಟು ವರ್ಷವಾದ ಮೇಲೆ ಕೂಗುವ ಕೆಲಸ ನನ್ನದಾಯಿತು. ಆವಿ ನೋಡಿ, ತಳದ ಗುಳ್ಳೆ ನೋಡಿ, ತಪ್ಪಲೆಯ ಸದ್ದು ಕೇಳಿ ನೀರು ಎಲ್ಲಿದೆ ಎಂದು ಹೇಳಲು ಕಲಿತೆ. ಆಮೇಲೆ ನಾನು ಥರ್ಮಾಮೀಟರನ್ನೂ ಮಲ್ಟಿಮೀಟರನ್ನೂ ಕೊಂಡಿದ್ದೇನೆ. ಅವ್ವನ ಮೂರು ಮಾತುಗಳನ್ನು ಅವುಗಳಿಗೆ ಹಿಡಿದು ನೋಡಿದ್ದೇನೆ ಕೂಡ. ತಪ್ಪಿದ್ದು ನಾಲ್ಕೈದು ಡಿಗ್ರಿ ಇರಬಹುದು. ಮನೆಯಲ್ಲಿ ಕೂತ ಹೆಂಗಸಿಗೆ ಏನು ತಿಳಿಯುತ್ತದೆ ಎನ್ನುವವರು ಆ ತಪ್ಪಲೆಯ ಮುಂದೆ ಒಂದು ದಿನ ಕೂರಬೇಕಿತ್ತು.

ತಪ್ಪಲೆಗೆ ಒಂದು ಜಗಳದ ಚರಿತ್ರೆಯೇ ಇದೆ. ಅಜ್ಜಿ, ಅಪ್ಪನ ತಾಯಿ, ನಮ್ಮ ಜೊತೆಯಲ್ಲೇ ಇದ್ದಳು. ಬೆಳಿಗ್ಗೆ ಎದ್ದು ಮಿಂದು, ಹಣೆಯ ತುಂಬ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡುವ ತನಕ ಬಾಯಿಗೆ ನೀರು ಮುಟ್ಟಿಸದವಳು. ಎಣ್ಣೆ, ಮಸಿ, ಇಂಜಿನ್ ತಣಿಸುವ ಕೂಲೆಂಟಿನ ನಾತ ಹೊತ್ತ ಹಿತ್ತಾಳೆ ತುಂಡು ತನ್ನ ಒಲೆಯ ಮೇಲೆ ಕೂರುವುದನ್ನು ಅವಳು ಹೇಗೆ ಒಪ್ಪಿಯಾಳು?

"ಲಿಂಗ ಕಟ್ಟಿರೋ ಮನೇಲಿ ಇಂಜಿನ್ನ ಬೇಯಿಸ್ತೀಯೇನೇ?" ಎಂದು ಕೂಗಾಡಿದಳಂತೆ.

"ಇಂಜಿನ್ನಲ್ಲ ಕಣತ್ತೆ, ಅದ್ರ ಮೂಗು," ಎಂದಳಂತೆ ಅವ್ವ.

ಮೂರು ದಿನ ಮಾತಿಲ್ಲ. ನಾಲ್ಕನೆಯ ದಿನ ಅಜ್ಜಿಯೇ ತಳ ಸೊಟ್ಟಗಾದ ಒಂದು ಅಲ್ಯೂಮಿನಿಯಂ ತಪ್ಪಲೆ ತಂದು ಹೊಸ್ತಿಲಾಚೆ ಕುಕ್ಕಿ, ಇದರಲ್ಲಿ ಮಾತ್ರ, ಇದನ್ನು ನನ್ನ ಪಾತ್ರೆಗಳ ಜೊತೆ ತೊಳೆಯಕೂಡದು, ಇದರಲ್ಲಿ ಯಾವತ್ತೂ ಅನ್ನ ಬೇಯಕೂಡದು ಎಂದು ಕಟ್ಟು ಮಾಡಿದಳು. ಅಜ್ಜಿಯ ಕಾರಣ ಮಡಿ. ಆದರೆ ಕಾರಣ ಯಾವುದಾದರೇನು? ಕೂಲೆಂಟು ವಿಷ, ಅದು ತಾಕಿದ ಪಾತ್ರೆಯಲ್ಲಿ ಉಣ್ಣಬಾರದು ಎಂಬುದನ್ನು ನಮ್ಮ ಮನೆ ಯಾವ ಪುಸ್ತಕವನ್ನೂ ಓದದೆ ಪಾಲಿಸಿತು.

ಅಪ್ಪನಿಗೂ ಅವನದೇ ಮಡಿ ಇತ್ತು. ಯಾವ ವೈರಿಗೆ ಕೈ ಹಾಕುವ ಮುಂಚೆಯೂ ಬ್ಯಾಟರಿಯ ಅರ್ತ್ ವೈರು ಕಳಚಬೇಕು. ಪೆಟ್ರೋಲ್ ಎಷ್ಟಿದೆ ಎಂದು ಹೇಳುವ ಟ್ಯಾಂಕಿನ ಯೂನಿಟ್ಟನ್ನು ಟ್ಯಾಂಕಿನಲ್ಲೇ ಇಟ್ಟು ಯಾವತ್ತೂ ಪರೀಕ್ಷೆ ಮಾಡುವಂತಿಲ್ಲ. ಬಿಚ್ಚಿ, ಒರೆಸಿ, ಗಾಳಿಗೆ ಒಣಗಿಸಿ, ಗಾಡಿಯಿಂದ ದೂರ ತಂದು ಬೆಂಚಿನ ಮೇಲಿಟ್ಟು, ಅದರ ತೇಲುಬುರುಡೆಯನ್ನು ಕೈಯಿಂದ ಮೇಲೆ ಕೆಳಗೆ ಆಡಿಸಿ ಮುಳ್ಳು ನೋಡಬೇಕು. ಮೀಟರಿನ ವೈರನ್ನು ನೇರ ಗಾಡಿಯ ಮೈಗೆ ತಾಕಿಸುವಂತಿಲ್ಲ, ನಡುವೆ ಒಂದು ಸಣ್ಣ ಬಲ್ಬು ಇರಲೇಬೇಕು, ಇಲ್ಲದಿದ್ದರೆ ಒಳಗಿನ ಸುರುಳಿ ಸುಟ್ಟು ಹೋಗುತ್ತದೆ. ಆತುರದ ಡ್ರೈವರುಗಳು ರೇಗುತ್ತಿದ್ದರು. ಟ್ಯಾಂಕಿನ ಹತ್ತಿರವೇ ವೈರು ಕಿತ್ತು ಗಾಡಿಯ ಚಾಸಿಗೆ ಚಟ್ ಅಂತ ಕಿಡಿ ಹಾರಿಸಿ ನೋಡಬಾರದಾ, ಎರಡು ನಿಮಿಷದ ಕೆಲಸಕ್ಕೆ ಅರ್ಧ ದಿನವೇ ಎನ್ನುತ್ತಿದ್ದರು. ಹೊಗೆಸೊಪ್ಪು ತುಂಬಿದ ಟೆಂಪೋದವನೊಬ್ಬ ಹಾಗೆ ಮಾಡಿ ತೋರಿಸಲು ಹೋದಾಗ ಅಪ್ಪ ಅವನ ಕೈಯಿಂದ ವೈರು ಕಿತ್ತುಕೊಂಡು, ಆ ಚಟ್ ಅನ್ನುವುದನ್ನು ನಿನ್ನ ಮನೆ ಮುಂದೆ ಮಾಡ್ಕೊ ಹೋಗು ಎಂದು ಕಳಿಸಿದ್ದ. ಗಿರಾಕಿ ಹೋದರೂ ಚಿಂತೆಯಿಲ್ಲ, ಕ್ರಮ ಬಿಡುವುದಿಲ್ಲ. ಆ ಹಟ ನನಗೆ ಅವನಿಂದಲೇ ಬಂದದ್ದು.

ಇಂಥ ಅಪ್ಪ ಒಂದೇ ಒಂದು ಸಲ ಕ್ರಮ ಬಿಟ್ಟ. ಅದಕ್ಕೆ ಕಾರಣ ನಾನು. ಆಗ ನಾನು ಏಳನೆಯ ತರಗತಿ. ಆಯುಧಪೂಜೆಯ ದಿನ ಬೆಂಚು ತೊಳೆದು, ಸ್ಪ್ಯಾನರು, ಟೆಸ್ಟ್ ಬಲ್ಬು, ಇಕ್ಕಳ ಎಲ್ಲವನ್ನೂ ಒರೆಸಿ ಸಾಲಾಗಿ ಜೋಡಿಸುವುದು, ವಿಭೂತಿ ಹಚ್ಚಿ ಹೂವಿಡುವುದು ನನ್ನ ಪಾಲಿನ ಕೆಲಸ. ಅರಿಸಿನ ಹಚ್ಚಿದ ಹತ್ತಿ ದಾರವನ್ನು ಒಂದೊಂದಕ್ಕೂ ಕಟ್ಟಬೇಕು. ಬೆಂಚಿನ ಮೇಲೆ ಒಂದು ಹೊಸ ಹೀಟ್ ಯೂನಿಟ್ಟು ಇತ್ತು. ಅಂತರಸಂತೆಯ ಕಡೆಗೆ ಜನ ತುಂಬಿಕೊಂಡು ಜೀಪು ಓಡಿಸುತ್ತಿದ್ದ ಚಿಕ್ಕೇಗೌಡರ ಗಾಡಿಯದು. ಹಿಂದಿನ ದಿನ ತಪ್ಪಲೆಯಲ್ಲಿ ಕಾಯಿಸಿ ಪಾಸು ಮಾಡಿದ್ದು, ಹಬ್ಬ ಕಳೆದ ಮೇಲೆ ಹಾಕಬೇಕಿತ್ತು. ಅದರ ತಿರುಪಿನ ಸಾಲುಗಳನ್ನು ನೋಡಿದರೆ ದಾರ ಸುತ್ತಲೆಂದೇ ಮಾಡಿದಂತಿತ್ತು. ಎಣ್ಣೆಯಲ್ಲಿ ಕಲಸಿದ ಅರಿಸಿನದಲ್ಲಿ ದಾರವನ್ನು ಅದ್ದಿ, ಒಂದು ಸಾಲೂ ಬಿಡದೆ, ಉಗುರಿನಿಂದ ಒತ್ತಿ ಒತ್ತಿ ತುಂಬಿದೆ. ಮೇಲೆ ಒಂದು ಕುಂಕುಮದ ಬೊಟ್ಟು. ಅಷ್ಟು ಚೆಂದದ ಕೆಲಸವನ್ನು ಆ ತನಕ ನಾನು ಮಾಡಿರಲಿಲ್ಲ. ಹಬ್ಬದ ಮಾರನೆಯ ದಿನ ನಾನು ಶಾಲೆಗೆ ಹೋಗಿದ್ದಾಗ ಅಪ್ಪ ಅದನ್ನು ಜೀಪಿಗೆ ಹಾಕಿ ಕಳಿಸಿದ್ದ.

ಒಂದು ವಾರ ಕಳೆದಿರಬೇಕು. ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಬರುವ ಹೊತ್ತಿಗೆ ಚಿಕ್ಕೇಗೌಡರ ಜೀಪು ಅಂಗಡಿಯ ಮುಂದೆ ನಿಂತಿತ್ತು. ಗಾಡಿ ಎಳೆಯುತ್ತಿಲ್ಲ, ಏನೋ ವಾಸನೆ ಬರುತ್ತಿದೆ ಎಂದು ಅವರು ದೂರು ಹೇಳುತ್ತಿದ್ದರು. ಅಪ್ಪ ಒಳಗೆ ಬಗ್ಗಿ ಹೀಟ್ ಮೀಟರ್ ನೋಡಿದ. ಮುಳ್ಳು ಕೆಳಗೆ, ತಣ್ಣಗಿದೆ ಎನ್ನುವ ಗುರುತಿನ ಪಕ್ಕದಲ್ಲೇ ಮಲಗಿತ್ತು.

"ಇಂಜಿನ್ ಏನೂ ಕಾದಿಲ್ಲ ಗೌಡ್ರೆ. ನೀರು ನೋಡ್ತೀನಿ ತಡೀರಿ," ಎಂದ.

"ಸ್ವಲ್ಪ ಆರ್ಲಿ ಬುಡಿ ಮಾದಪ್ಪಾರೆ, ನಂಗ್ಯಾಕೋ ಬಿಸಿ ಅನ್ನುಸ್ತದೆ."

"ನಾನೇ ಕಾಯ್ಸಿ ಹಾಕಿರೋ ಯೂನಿಟ್ಟು. ಅದು ಸುಳ್ಳೇಳದಾ?"

ಒರೆಸುವ ಬಟ್ಟೆಯೊಂದನ್ನು ಇಟ್ಟು ಎರಡೂ ಕೈಯಲ್ಲಿ ರೇಡಿಯೇಟರಿನ ಮುಚ್ಚಳ ತಿರುಗಿಸಿದ. ಆಮೇಲಿನದು ಸದ್ದು, ಆವಿ, ಅಪ್ಪನ ಕೂಗು. ಕುದಿಯುವ ನೀರು ಅವನ ಎರಡೂ ಕೈಯನ್ನು ಮೊಣಕೈಯ ತನಕ ಬೇಯಿಸಿತು. ಯಾರೋ ಶಾಯಿ ಸುರಿಯಿರಿ ಎಂದರು, ಯಾರೋ ಪೇಸ್ಟು ಹಚ್ಚಿ ಎಂದರು. ಅವ್ವ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಡ್ರಮ್ಮಿನ ತಣ್ಣೀರನ್ನು ಬಿಂದಿಗೆ ಮೇಲೆ ಬಿಂದಿಗೆ ಹೊಯ್ಯುತ್ತಾ ಹೋದಳು, ಕೋಟೆ ಪಟ್ಟಣದ ಆಸ್ಪತ್ರೆಗೆ ಹೋಗುವ ಆಟೋ ಬರುವ ತನಕ. ಕೈ ಉಳಿದದ್ದು ಆ ನೀರಿನಿಂದ ಎಂದು ಡಾಕ್ಟರು ಆಮೇಲೆ ಹೇಳಿದರು. ಸಂಜೆ ಬಿಳಿ ಬಟ್ಟೆಯ ಎರಡು ಗಂಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಅಪ್ಪ ಗೋಡೆಗೆ ಒರಗಿ ಕೂತ. ನೋವಿಗಿಂತ ಹೆಚ್ಚಾಗಿ ಅವನನ್ನು ತಿಂದದ್ದು ಆ ಮುಳ್ಳು.

"ನಾನು ಪಾಸು ಮಾಡಿದ್ದು ಕಣೆ. ನನ್ ಕಣ್ಣು ಹೋಯ್ತು ಇನ್ನ. ಇಪ್ಪತ್ತು ಜನ ಕೂತ್ಕಂಡು ಓಡಾಡೋ ಗಾಡಿ ಅದು," ಎಂದು ಅವ್ವನಿಗೆ ಅದನ್ನೇ ಅದನ್ನೇ ಹೇಳುತ್ತಿದ್ದ.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ರಾವಂದೂರಿನಿಂದ ದೊಡ್ಡಪ್ಪ ಬಂದ. ಅಪ್ಪನ ಅಣ್ಣ. ಪ್ರೀತಿಯಿಲ್ಲದವನಲ್ಲ, ಆದರೆ ತಮ್ಮ ಅಂಗಡಿ ಇಟ್ಟದ್ದೇ ಮನೆತನಕ್ಕೆ ಕುಂದು ಎಂದು ಮೊದಲಿನಿಂದಲೂ ನಂಬಿದ್ದವನು. ಒಲೆಯ ಮೇಲೆ ಇಂಜಿನ್ ಸಾಮಾನು ಕುದಿಸಿದ್ದಕ್ಕೆ ಆ ಶಿವನೇ ಕೈಯಾರೆ ಕೊಟ್ಟ ಶಿಕ್ಷೆ ಇದು ಎಂದ. ನಾಳೆ ಸೋಮವಾರ ಒಳ್ಳೆಯ ದಿನ, ಟೆಂಪೋ ತರುತ್ತೇನೆ, ಸಾಮಾನು ತುಂಬಿ, ಅಂಗಡಿಗೆ ಬೀಗ ಹಾಕಿ ಊರಿಗೆ ನಡೆಯಿರಿ ಎಂದ.

"ಹುಡ್ಗೀನ ಅಲ್ಲೇ ಶಾಲೆಗೆ ಹಾಕನ. ಇಂಗೆ ಗಾಡಿ ಡ್ರೈವರ್‌ಗಳ ಮಧ್ಯ ಬೆಳುಸ್ತಿದ್ದೀಯಲ್ಲ, ನಾಳೆ ಹೆಣ್ಣು ಕೇಳೋರು ಯಾರ್ಲಾ?"

"ನಿನ್ನಿಷ್ಟ ಅಣ್ಣ," ಎಂದ ಅಪ್ಪ.

ಆ ಎರಡು ಪದ ಕೇಳಿ ನನಗೆ ಬಂದ ಸಿಟ್ಟು ಇನ್ನೂ ಹಾಗೇ ಇದೆ. ದೊಡ್ಡಪ್ಪನ ಮೇಲಲ್ಲ, ಅಪ್ಪನ ಮೇಲೆ. ಡ್ರೈವರಿನ ಕೈಯಿಂದ ವೈರು ಕಿತ್ತುಕೊಂಡವನು ನಿನ್ನಿಷ್ಟ ಎನ್ನುವುದೇ? ಊರಿನ ಮನೆಯಲ್ಲಿ ನನಗೆ ಹೊಟ್ಟೆ ತುಂಬ ಊಟವಿತ್ತು, ದೊಡ್ಡಪ್ಪನ ಮಕ್ಕಳು ಅಕ್ಕಂದಿರಿದ್ದರು, ಎಮ್ಮೆ ಕರುವಿತ್ತು. ಬೆಂಚು ಇರಲಿಲ್ಲ. ಬೆಂಚು ಹೋದರೆ ಅಪ್ಪ ಕೈ ವಾಸಿಯಾದರೂ ಇನ್ನು ಯಾವತ್ತೂ ತನ್ನ ಕಣ್ಣನ್ನು ನಂಬುವುದಿಲ್ಲ, ನಾನು ಇನ್ನು ಯಾವತ್ತೂ ಮುಳ್ಳೊಂದನ್ನು ಏಳಿಸಿ ನೋಡುವುದಿಲ್ಲ. ಹನ್ನೆರಡು ವರ್ಷದ ಹುಡುಗಿಗೆ ಅದು ಸ್ಪಷ್ಟವಾಗಿ ಕಂಡಿತು. ಸೋಮವಾರ ಬೆಳಗಾಗುವುದರೊಳಗೆ ಆ ಮುಳ್ಳು ಯಾಕೆ ಮಲಗಿತ್ತು ಎಂದು ತಿಳಿಯಬೇಕು ಎಂದುಕೊಂಡೆ.

ಜೀಪು ಇನ್ನೂ ಅಂಗಡಿಯ ಮುಂದೆಯೇ ಇತ್ತು. ಸೀಳಿ ಸೋರಿ ಇಂಜಿನ್ ಕಾಯಲು ಕಾರಣವಾಗಿದ್ದ ನೀರಿನ ಪೈಪನ್ನು ಪಕ್ಕದ ಗ್ಯಾರೇಜಿನವರು ಬದಲಾಯಿಸಿದ್ದರು, ಗೌಡರು ಸೋಮವಾರ ಬಂದು ಒಯ್ಯುವುದಿತ್ತು. ಭಾನುವಾರ ಮಧ್ಯಾಹ್ನ ಊಟವಾಗಿ ಎಲ್ಲರೂ ಮಲಗಿ ನಿದ್ದೆಹೋದ ಹೊತ್ತಿನಲ್ಲಿ ಸ್ಪ್ಯಾನರ್ ತೆಗೆದುಕೊಂಡು ಹೋದೆ. ಮೊದಲು ಇಂಜಿನ್ನನ್ನು ಮುಟ್ಟಿ ನೋಡಿದೆ, ತಣ್ಣಗಿತ್ತು. ಬ್ಯಾಟರಿಯ ಅರ್ತ್ ವೈರು ಕಳಚಿದೆ. ಆಮೇಲೆ ಯೂನಿಟ್ಟಿನ ವೈರು. ಆಮೇಲೆ ಯೂನಿಟ್ಟು. ಅದು ತಿರುಗಿ ತಿರುಗಿ ಕೈಗೆ ಬಂದಾಗ ಅದರ ತಿರುಪಿನ ಸಾಲುಗಳಲ್ಲಿ, ನೀರಿಗೆ ಸ್ವಲ್ಪ ಮಾಸಿ, ನನ್ನ ಹಳದಿ ದಾರ ಇತ್ತು. ನೋಡಿದ ಕೂಡಲೇ ಏನೂ ಹೊಳೆಯಲಿಲ್ಲ. ಅವ್ವನನ್ನು ಎಬ್ಬಿಸದೆ ಒಲೆ ಹಚ್ಚಿ ತಪ್ಪಲೆಯಿಟ್ಟೆ. ಬೆಂಚಿನ ಮೀಟರಿಗೆ ವೈರು ಕೊಟ್ಟು, ಅಂಗಡಿಗೂ ಅಡುಗೆಮನೆಗೂ ಓಡಾಡುತ್ತಾ ನೋಡಿದೆ. ಕೂಸಿನ ನೀರಿಗೆ ಮುಳ್ಳು ಅಲುಗಿತು. ಬಾಣಂತಿ ನೀರಿಗೆ ಕಾಲು ಭಾಗ. ಎಸರಿಗೆ ಕೆಂಪು ಗೆರೆ. ಎಲ್ಲ ಸರಿಯಾಗಿದೆ! ಅಪ್ಪನ ಕಣ್ಣು ಸರಿ, ಯೂನಿಟ್ಟು ಸರಿ. ಹಾಗಾದರೆ ಜೀಪಿನಲ್ಲಿ ಯಾಕೆ ಸುಳ್ಳು ಹೇಳಿತು?

ಕಪ್ಪು ವೈರಿನ ಕ್ಲಿಪ್ಪನ್ನು ಕಳಚುವಾಗ ತಿಳಿಯಿತು. ತಪ್ಪಲೆಯಲ್ಲಿ ಕರೆಂಟು ವಾಪಸು ಹೋಗಲು ಕಪ್ಪು ವೈರಿದೆ, ಅದರ ಕ್ಲಿಪ್ಪು ದಾರವಿಲ್ಲದ ಕಡೆ, ಬರಿಯ ಹಿತ್ತಾಳೆಗೆ ಕಚ್ಚಿಕೊಂಡಿರುತ್ತದೆ. ಜೀಪಿನಲ್ಲಿ ಕಪ್ಪು ವೈರು ಎಲ್ಲಿದೆ? ಅಲ್ಲಿ ಯೂನಿಟ್ಟಿನ ತಿರುಪು ಇಂಜಿನ್ನಿನ ಕಬ್ಬಿಣಕ್ಕೆ ಬಿಗಿಯಾಗಿ ತಾಕಿಕೊಂಡಿರುವುದೇ ವಾಪಸು ಹೋಗುವ ದಾರಿ. ಆ ದಾರಿಯ ತುಂಬ ನಾನು ಎಣ್ಣೆ ಕುಡಿದ ದಾರ ತುರುಕಿದ್ದೆ. ಕ್ಲಿಪ್ಪನ್ನು ತೆಗೆದು ದಾರದ ಮೇಲೆಯೇ ಕಚ್ಚಿಸಿದೆ. ತಪ್ಪಲೆಯಲ್ಲಿ ನೀರು ಕೊತಕೊತ ಮರಳುತ್ತಿತ್ತು, ಬೆಂಚಿಗೆ ಓಡಿಹೋಗಿ ನೋಡಿದರೆ ಮುಳ್ಳು ಕೆಳಗೆ ಬಿದ್ದು ಮಲಗಿತ್ತು. ನಮ್ಮಪ್ಪನ ಕೈ ಬೇಯಿಸಿದ್ದು ನಾನು. ಆ ದುಃಖವನ್ನು ಈಗ ಬರೆಯುವಾಗಲೂ ಚಿಕ್ಕದು ಮಾಡಿ ಹೇಳಲು ಬರುವುದಿಲ್ಲ.

ಬಾಯಿ ಮುಚ್ಚಿಕೊಂಡಿರಬಹುದಿತ್ತು. ದಾರ ಕಿತ್ತು ಒಲೆಗೆ ಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನಾನು ಮುಚ್ಚಿಟ್ಟರೆ ಅಪ್ಪ ಸಾಯುವ ತನಕ ತಪ್ಪು ತನ್ನ ಕಣ್ಣಿನದು ಎಂದೇ ನಂಬಿರುತ್ತಾನೆ. ಸೋಮವಾರ ಬೆಳಿಗ್ಗೆ ಟೆಂಪೋ ಬಂದು ನಿಂತಾಗ, ದೊಡ್ಡಪ್ಪ ಹಾಸಿಗೆಗಳನ್ನು ಸುತ್ತಿಸುತ್ತಿರುವಾಗ, ಚಿಕ್ಕೇಗೌಡರೂ ಜೀಪಿಗೆಂದು ಬಂದಿರುವಾಗ, ಯೂನಿಟ್ಟನ್ನು ಬೆಂಚಿನ ಮೇಲಿಟ್ಟು ಹೇಳಿದೆ.

"ಅಪ್ಪ, ನಿನ್ ಕಣ್ಣು ತಪ್ಪಿಲ್ಲ. ದಾರ ಸುತ್ತಿದ್ದು ನಾನು. ತೋರುಸ್ತೀನಿ ನೋಡು."

ಅವ್ವ ಎದ್ದು ಒಲೆ ಹಚ್ಚಿದಳು. ಕ್ಲಿಪ್ಪು ಹಿತ್ತಾಳೆಗೆ ಕಚ್ಚಿಸಿದರೆ ಮುಳ್ಳು ಮೇಲೆ, ದಾರಕ್ಕೆ ಕಚ್ಚಿಸಿದರೆ ಕೆಳಗೆ. ಮೂರು ಸಲ ತೋರಿಸಿದೆ. ಅವ್ವ ಒಳಗಿನಿಂದ ಒಂದೇ ಸಮನೆ ಕೂಗುತ್ತಿದ್ದಳು, ಎಸರು, ಎಸರು, ಇನ್ನೂ ಎಸರೇ. ಚಿಕ್ಕೇಗೌಡರು ಅಡುಗೆಮನೆಯ ಬಾಗಿಲಿಗೆ ಹೋಗಿ ಕುದಿಯುವುದನ್ನು ನೋಡಿ ಬಂದು, ಮೀಟರನ್ನು ನೋಡಿ, ಮತ್ತೆ ಹೋಗಿ ನೋಡಿ ಬಂದರು.

"ಏನಮ್ಮಿ, ಪೂಜೆ ದಾರದಿಂದ ಕೆಟ್ಟದ್ದಾಯ್ತು ಅಂತೀಯಾ?" ದೊಡ್ಡಪ್ಪನ ದನಿ ಏರಿತು. "ದೇವ್ರ ಮೇಲೇ ಹಾಕ್ತೀಯಾ?"

"ದೇವ್ರ ಮೇಲಲ್ಲ ದೊಡ್ಡಪ್ಪ. ನನ್ ಮೇಲೆ."

ಅಪ್ಪ ಬಗ್ಗಿ ಯೂನಿಟ್ಟನ್ನು ನೋಡಿದ.

"ಹಾಕುವಾಗ ದಾರ ನೋಡ್ದೆ ಕಣವ್ವ. ತೆಗೀಬೇಕು ಅಂತ ಗೊತ್ತಿತ್ತು. ಪೂಜೆ ದಾರ, ಕೂಸು ಸುತ್ತಿರೋದು, ಯಾಕೆ ಕೀಳದು ಅಂತ ಬುಟ್ಟೆ. ಹಾಕುದ್ ಮೇಲೆ ಇಂಜಿನ್ ಕಾಯ್ಸಿ ನೋಡ್ಲೂ ಇಲ್ಲ."

ಆಗ ಎದ್ದವಳು ಅಜ್ಜಿ. ತಪ್ಪಲೆಗೆ ಕಟ್ಟು ಮಾಡಿದವಳು, ದಿನಾ ಮೂಗು ಮುರಿಯುತ್ತಿದ್ದವಳು. ಇನ್ನೇನು ಮಂಗಳಾರತಿ ಕಾದಿದೆ ಎಂದುಕೊಂಡೆ. ಯೂನಿಟ್ಟು ಆರುವ ತನಕ ಕಾದು, ಅದನ್ನು ಸೆರಗಿನಲ್ಲಿ ಹಿಡಿದು ಬೆಳಕಿಗೆ ಕೂತಳು. ದೊಡ್ಡಪ್ಪ ಬ್ಲೇಡು ಕೊಡಲು ಹೋದರೆ, ಪೂಜೆಯ ದಾರಕ್ಕೆ ಬ್ಲೇಡು ತಾಕಿಸಬೇಡ ಎಂದು ಗದರಿದಳು. ಉಗುರಿನಿಂದ ತುದಿ ಎಬ್ಬಿಸಿ, ಒಂದೊಂದೇ ಸುತ್ತು ಬಿಚ್ಚಿ, ದಾರವನ್ನು ಕಣಗಲೆ ಗಿಡದ ಬುಡಕ್ಕೆ ಹಾಕಿ ಬಂದು, ಹಿತ್ತಾಳೆ ತುಂಡನ್ನು ನನ್ನ ಕೈಗಿಟ್ಟಳು.

"ಊವ ಇಟ್ರೆ ಶಿವ ಬ್ಯಾಡ ಅಂತಾನಾ? ಮುಂದ್ಲ ವರ್ಸ ದಾರ ಬ್ಯಾಡ, ಊವ ಇಡು. ಈಗ ಓಗಿ ಆಕು."

ತಿರುಪಿನ ಸಾಲುಗಳನ್ನೂ, ಅದು ಕೂರುವ ಜಾಗವನ್ನೂ ಬಟ್ಟೆಯಿಂದ ಹೊಳೆಯುವಂತೆ ಒರೆಸಿ ನಾನೇ ಹಾಕಿದೆ. ಅಪ್ಪ ಬಟ್ಟೆಗಂಟಿನ ಕೈಗಳನ್ನು ಎದೆಗೆ ಅವುಚಿಕೊಂಡು ಪಕ್ಕದಲ್ಲಿ ನಿಂತಿದ್ದ. ರೇಡಿಯೇಟರಿಗೆ ನೀರು ತುಂಬಿ, ಮುಚ್ಚಳ ಬಿಗಿದು, ಬ್ಯಾಟರಿಯ ವೈರು ಕೊನೆಗೆ ಕೊಟ್ಟೆ. ಗೌಡರು ಜೀಪು ಚಾಲೂ ಮಾಡಿದರು. ಮುಳ್ಳು ಸ್ವಲ್ಪ ಹೊತ್ತು ಮಲಗಿತ್ತು, ಅಲುಗಿತು, ನಿಧಾನಕ್ಕೆ ಏರಿ ನಡುವೆ ಬಂದು ನಿಂತಿತು. ಇಂಜಿನ್ನಿನ ಬಿಸಿ ಬಾನೆಟ್ಟಿನ ಮೇಲಿಂದ ಮುಖಕ್ಕೆ ಹೊಡೆಯುತ್ತಿತ್ತು. ದೊಡ್ಡಪ್ಪ ಟೆಂಪೋದ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಒಂದು ಮುಳ್ಳು ಎದ್ದುದಕ್ಕೆ ಅವನ ಮನಸ್ಸು ಬದಲಾಗಿರಲಿಲ್ಲ, ಹತ್ತೂವರೆಯೊಳಗೆ ಹೊರಡಬೇಕು ಎನ್ನುತ್ತಲೇ ಇದ್ದ.

"ಇನ್ಮೇಲೆ ಈ ಮುಳ್ಳ ನಂಬ್ಬೋದೇನವ್ವ?" ಎಂದು ಗೌಡರು ಕೇಳಿದರು. ತಮಾಷೆಗಲ್ಲ.

"ನಂಬ್ಬೇಡಿ ಗೌಡ್ರೆ. ಮುಳ್ಳು ಎಲ್ಲೇ ಇರ್ಲಿ, ಇಂಜಿನ್ನು ಆರೋ ಗಂಟ ಮುಚ್ಚಳಕ್ಕೆ ಕೈ ಆಕ್ಬೇಡಿ."

"ನಿಮ್ಮಪ್ಪಾರು ನಂಬುದ್ರಲ್ಲ?"

ಅಪ್ಪನ ಮುಖ ನೋಡಿದೆ. ಸುಳ್ಳು ಹೇಳಿ ಅವನ ಮರ್ಯಾದೆ ಉಳಿಸಬಹುದಿತ್ತು. ಅವನು ಕಲಿಸಿದ್ದು ಅದನ್ನಲ್ಲ.

"ನಂಬುದ್ರು. ಅದ್ಕೇ ಈಗ ಮುದ್ದೆ ಮುರ್ದು ಅಪ್ಪನ ಬಾಯ್ಗೆ ನಾನು ಇಡ್ತಾ ಇದೀನಿ."

ಗೌಡರು ತಲೆ ತಗ್ಗಿಸಿದರು. ಅವ್ವ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡಳು. ದೊಡ್ಡಪ್ಪ, ನೋಡ್ಲಾ, ಇಂಥ ಬಾಯಿಗೇ ನಾನು ಹೇಳಿದ್ದು ಎಂದು ಮುಂದೆ ಬಂದ. ಅಪ್ಪನ ಕಣ್ಣು ತುಂಬಿತ್ತು, ಒರೆಸಿಕೊಳ್ಳಲು ಕೈ ಇರಲಿಲ್ಲ. ಹಾಗೇ ತಿರುಗಿ ಅಣ್ಣನಿಗೆ ಹೇಳಿದ.

"ಟೆಂಪೋ ಕಳ್ಸು ಅಣ್ಣ. ನಾವು ಬರಲ್ಲ. ನನ್ ಕೆಲ್ಸಾನ ನನ್ ಮುಂದೇ ತಪ್ಪು ಅನ್ನೋರು ಈ ಅಂಗಡೀಲಿ ಒಬ್ರವ್ರೆ."